ಆರಿದ ಟ್ಯೂಬ್‌ಲೈಟಿನ ಪಾದರಸ: ಕೊಡಗಿನಲ್ಲಿ ಓದುತ್ತಿರುವವರಿಗೆ ಒಂದು ಟಿಪ್ಪಣಿ

ಪರಿಸರ ವಿಜ್ಞಾನದ ಪಠ್ಯಗಳಲ್ಲಿ ಪಾದರಸದ ಪಾಠ ಸಾಮಾನ್ಯವಾಗಿ ಜಪಾನಿನ ಮಿನಮಾಟಾ ಕೊಲ್ಲಿಯ ಪಾದರಸ ದುರಂತದಿಂದ ಶುರುವಾಗಿ ರೋಗಲಕ್ಷಣಗಳ ಪಟ್ಟಿಯಲ್ಲಿ ಮುಗಿಯುತ್ತದೆ. ಪರೀಕ್ಷೆಗೆ ಅಷ್ಟು ಸಾಕಾಗಬಹುದು. ಆದರೆ ತೋಟದ ಗೋದಾಮಿನ ಮೂಲೆಯಲ್ಲಿ ಒರಗಿಸಿಟ್ಟ ಹಳೆಯ ಟ್ಯೂಬ್‌ಲೈಟುಗಳನ್ನು ಏನು ಮಾಡುವುದು ಎಂದು ಯಾರಾದರೂ ಕೇಳಿದರೆ ಆ ಪಟ್ಟಿ ಕೈಕೊಡುತ್ತದೆ. ಪಾದರಸ ಯಾವ ಹೊತ್ತಿನಲ್ಲಿ, ಯಾವ ರೂಪದಲ್ಲಿ, ಎಲ್ಲಿರುತ್ತದೆ ಎಂದು ಬೆನ್ನು ಹತ್ತಿ ನೋಡಿದರೆ ಮಾತ್ರ ಉತ್ತರ ಹೊಳೆಯುತ್ತದೆ. ಗಾಜು ಒಡೆಯುವ ತನಕ ಇದು ಸಾಗಾಟದ ಸಮಸ್ಯೆ. ಒಡೆದ ಮೇಲೆ ಗಾಳಿ, ಮಣ್ಣು, ನೀರಿನ ಸಮಸ್ಯೆ. ಮೊದಲನೆಯದನ್ನು ಬಗೆಹರಿಸಬಹುದು, ಎರಡನೆಯದನ್ನು ಬಹುಪಾಲು ಬಗೆಹರಿಸಲಾಗದು.

ದೀಪದೊಳಗೆ ಏನಿದೆ

ಟ್ಯೂಬಿನೊಳಗೆ ಕಡಿಮೆ ಒತ್ತಡದ ಆರ್ಗಾನ್ ಅನಿಲವೂ ಕೆಲವೇ ಮಿಲಿಗ್ರಾಂ ಪಾದರಸವೂ ಇರುತ್ತವೆ. ಎರಡೂ ತುದಿಗಳಲ್ಲಿ ಟಂಗ್‌ಸ್ಟನ್ ತಂತಿಯ ಸುರುಳಿ, ಅದರ ಮೇಲೆ ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ ಆಕ್ಸೈಡುಗಳ ಲೇಪ. ಸುರುಳಿ ಕಾದಾಗ ಎಲೆಕ್ಟ್ರಾನುಗಳು ಹೊರಟು ಪಾದರಸದ ಪರಮಾಣುಗಳಿಗೆ ಬಡಿಯುತ್ತವೆ. ಹಾಗೆ ಉದ್ರೇಕಗೊಂಡ ಪರಮಾಣು ಮೊದಲಿನ ಸ್ಥಿತಿಗೆ ಮರಳುವಾಗ ಮುಖ್ಯವಾಗಿ 253.7 ನ್ಯಾನೊಮೀಟರಿನ ನೇರಳಾತೀತ ಕಿರಣವನ್ನು ಬಿಡುತ್ತದೆ. ಇದು ಕಣ್ಣಿಗೆ ಕಾಣದು. ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿ ಅದನ್ನು ಹೀರಿಕೊಂಡು ಕಾಣುವ ಬೆಳಕನ್ನು ಹೊರಸೂಸುತ್ತದೆ.

ಆ ಬಿಳಿ ಪುಡಿಯೇ ಪಾದರಸ ಎಂದು ಉತ್ತರಪತ್ರಿಕೆಗಳಲ್ಲಿ ಬರೆಯುವವರಿದ್ದಾರೆ. ಅಲ್ಲ. ಹಳೆಯ ಟ್ಯೂಬುಗಳಲ್ಲಿ ಅದು ಕ್ಯಾಲ್ಸಿಯಂ ಹ್ಯಾಲೊಫಾಸ್ಫೇಟ್, ಈಚಿನವುಗಳಲ್ಲಿ ಇಟ್ರಿಯಂ, ಯುರೋಪಿಯಂ, ಟರ್ಬಿಯಂನಂಥ ವಿರಳ ಧಾತುಗಳ ಮಿಶ್ರಣ. ಹಾಗೆಂದು ಪುಡಿಯನ್ನು ನಿರಪಾಯ ಎನ್ನುವಂತೆಯೂ ಇಲ್ಲ. ದೀಪ ಉರಿದಷ್ಟೂ ಪಾದರಸ ಮೆಲ್ಲಗೆ ಆ ಪುಡಿಯಲ್ಲೂ ಗಾಜಿನಲ್ಲೂ ಸೇರಿಕೊಳ್ಳುತ್ತದೆ. ಬೆಳಗಲು ಬೇಕಾದ ಆವಿ ಅತ್ಯಲ್ಪವಾದರೂ, ಹೀಗೆ ಕಳೆದುಹೋಗುವುದನ್ನು ತುಂಬಲು ತಯಾರಕರು ಹೆಚ್ಚಿಗೆ ಹಾಕುತ್ತಾರೆ. 38 ಮಿಲಿಮೀಟರ್ ದಪ್ಪದ ಹಳೆಯ ಟ್ಯೂಬುಗಳಲ್ಲಿ ಹತ್ತಾರು ಮಿಲಿಗ್ರಾಂ ಇರುತ್ತಿತ್ತು. 26 ಮತ್ತು 16 ಮಿಲಿಮೀಟರಿನ ತೆಳು ಟ್ಯೂಬುಗಳಲ್ಲಿ, ಸಿಎಫ್‌ಎಲ್‌ಗಳಲ್ಲಿ ಅದು 5 ಮಿಲಿಗ್ರಾಂ ಆಸುಪಾಸಿಗೆ, ಕೆಲವದರಲ್ಲಿ ಇನ್ನೂ ಕೆಳಕ್ಕೆ ಬಂದಿದೆ. ಗೋದಾಮಿನ ಮೂಲೆಯಲ್ಲಿ ದಪ್ಪನೆಯವು ಇದ್ದರೆ ಅವುಗಳ ಮೇಲೆ ಹೆಚ್ಚು ಕಣ್ಣಿಡಬೇಕು.

ಇನ್ನು ಟ್ಯೂಬ್ ಸಾಯುವುದು ಪಾದರಸ ಮುಗಿದು ಅಲ್ಲ, ಸಾಮಾನ್ಯವಾಗಿ ಸುರುಳಿಯ ಮೇಲಿನ ಲೇಪ ಸವೆದು. ಪ್ರತಿ ಸಲ ಹೊತ್ತಿಸುವಾಗಲೂ ಆ ಲೇಪ ಒಂದಿಷ್ಟು ಉದುರುತ್ತದೆ. ತುದಿ ಕಪ್ಪಾಗುವುದಕ್ಕೆ ಕಾರಣವೂ ಇದೇ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಮರ ಬಿದ್ದು ಕರೆಂಟ್ ಹೋಗಿ ಬಂದು ಮಾಡುವ ನಮ್ಮ ಕಡೆ, ವೋಲ್ಟೇಜ್ ಸಾಲದೆ ಸ್ಟಾರ್ಟರ್ ಮತ್ತೆ ಮತ್ತೆ ಮಿಣುಕಿಸುವ ಟ್ಯೂಬು ಬೇಗ ಕೈಬಿಡುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಕೆಟ್ಟ ಟ್ಯೂಬಿನಲ್ಲೂ ಪಾದರಸದ ಮೊತ್ತ ಕೊಂಡ ದಿನದಷ್ಟೇ ಇರುತ್ತದೆ. ಜಾಗ ಮಾತ್ರ ಬದಲಾಗಿ ಹೆಚ್ಚಿನ ಪಾಲು ಪುಡಿಗೆ ಅಂಟಿಕೊಂಡಿರುತ್ತದೆ.

ಒಡೆದರೆ ಎಷ್ಟು? ಒಂದು ಲೆಕ್ಕ

ಪಾದರಸದ ಕುದಿಬಿಂದು ಸುಮಾರು 357 ಡಿಗ್ರಿ ಸೆಲ್ಸಿಯಸ್ ಆದರೂ ಅದು ಕೋಣೆಯ ಉಷ್ಣತೆಯಲ್ಲೇ ಆವಿಯಾಗುತ್ತದೆ. ಕಡಿಮೆ ಪಾದರಸದ ಟ್ಯೂಬುಗಳನ್ನು ಒಡೆದು ಅಳೆದ ಅಮೆರಿಕದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಒಡೆದ ಎರಡು ವಾರಗಳಲ್ಲಿ ಒಳಗಿನ ಪಾದರಸದ ಶೇ 17ರಿಂದ 40ರಷ್ಟು ಗಾಳಿಗೆ ಹೋಗುತ್ತದೆ, ಹಾಗೆ ಹೋಗುವುದರ ಮೂರನೇ ಒಂದು ಪಾಲು ಮೊದಲ 8 ಗಂಟೆಗಳಲ್ಲೇ ಹೋಗುತ್ತದೆ ಎಂದು ಅದು ಕಂಡುಕೊಂಡಿತು. ಸೆಕೆ ಹೆಚ್ಚಿದ್ದರೆ ವೇಗವೂ ಹೆಚ್ಚು.

5 ಮಿಲಿಗ್ರಾಂ ಇರುವ ಒಂದು ಟ್ಯೂಬ್ ಒಡೆಯಿತು ಎಂದುಕೊಳ್ಳಿ. ಮೊದಲ 8 ಗಂಟೆಗಳಲ್ಲಿ ಹೊರಬರುವುದು 0.28ರಿಂದ 0.67 ಮಿಲಿಗ್ರಾಂ. 3 ಮೀಟರ್ ಅಗಲ, 4 ಮೀಟರ್ ಉದ್ದ, 3 ಮೀಟರ್ ಎತ್ತರದ ಕೋಣೆಯಲ್ಲಿ 36 ಘನ ಮೀಟರ್ ಗಾಳಿ ಇದೆ. ಕಿಟಕಿ ಬಾಗಿಲು ಪೂರ್ತಿ ಮುಚ್ಚಿದ್ದರೆ ಪ್ರತಿ ಘನ ಮೀಟರಿಗೆ ಸುಮಾರು 8ರಿಂದ 19 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮೌಲ್ಯ 1 ಮೈಕ್ರೊಗ್ರಾಂ. ಅದು ವರ್ಷದ ಸರಾಸರಿಗೆ ಹೇಳಿದ್ದು, ಆದ್ದರಿಂದ ಒಂದು ದಿನದ ಅಂಕಿಯನ್ನು ಅದರ ಪಕ್ಕದಲ್ಲಿಟ್ಟು ಗಾಬರಿಯಾಗಬೇಕಿಲ್ಲ. ಕಿಟಕಿ ತೆರೆದರೆ ಅಂಕಿ ಬೇಗ ಇಳಿಯುತ್ತದೆ. ತೊಡಕೇನೆಂದರೆ, ಮಡಿಕೇರಿಯ ಜುಲೈ ತಿಂಗಳಲ್ಲಿ ಯಾರೂ ಕಿಟಕಿ ತೆರೆಯುವುದಿಲ್ಲ.

ಈಗ ಅದೇ ಅಳತೆಯ ಗುಜರಿ ಶೆಡ್ಡಿನಲ್ಲಿ ಒಂದೇ ದಿನ 50 ಟ್ಯೂಬ್ ಒಡೆದರೆ? ಗಾಳಿಯಾಡದಿದ್ದರೆ ಪ್ರತಿ ಘನ ಮೀಟರಿಗೆ 400ರಿಂದ 900 ಮೈಕ್ರೊಗ್ರಾಂ. ಕೆಲಸದ ಜಾಗಕ್ಕೆ ಅಮೆರಿಕದ ಔದ್ಯೋಗಿಕ ಆರೋಗ್ಯ ತಜ್ಞರ ಸಂಘಟನೆ ಸೂಚಿಸುವ ಎಂಟು ಗಂಟೆಯ ಸರಾಸರಿ ಮಿತಿ 25 ಮೈಕ್ರೊಗ್ರಾಂ. ಮನೆಯಲ್ಲಿ ಒಂದು ಟ್ಯೂಬ್ ಬಿದ್ದದ್ದು ಅವಘಡ, ಗುಜರಿಯಲ್ಲಿ ರಾಶಿ ಒಡೆಯುವುದು ವೃತ್ತಿಯ ಅಪಾಯ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಜಾಗೃತಿ ಫಲಕಗಳು ಮೊದಲನೆಯದಕ್ಕೆ ಅತಿ ಹೆದರಿಸಿ, ಎರಡನೆಯದನ್ನು ಮರೆಸುತ್ತವೆ.

ಇಲ್ಲಿ ನೆನಪಿಡಬೇಕಾದ ಇನ್ನೊಂದು ಅಂಶ: ದ್ರವರೂಪದ ಪಾದರಸವನ್ನು ನುಂಗಿದರೆ ಕರುಳು ಹೀರಿಕೊಳ್ಳುವುದು ಶೇ 0.01ಕ್ಕಿಂತ ಕಡಿಮೆ, ಆವಿಯಾಗಿ ಉಸಿರಾಡಿದರೆ ಶ್ವಾಸಕೋಶ ಸುಮಾರು ಶೇ 80ರಷ್ಟನ್ನು ರಕ್ತಕ್ಕೆ ದಾಟಿಸುತ್ತದೆ. ಅಲ್ಲಿಂದ ಮಿದುಳಿಗೂ ಗರ್ಭದೊಳಗಿನ ಮಗುವಿಗೂ ಅದು ತಲುಪಬಲ್ಲದು.

ಗುಡ್ಡದೂರಿನ ಒಂದು ಉದಾಹರಣೆ

ಮಿನಮಾಟಾ ಎಲ್ಲರಿಗೂ ಗೊತ್ತು. 1956ರಲ್ಲಿ ಅಧಿಕೃತವಾಗಿ ಗುರುತಿಸಿದ ಆ ಕಾಯಿಲೆಗೆ ಚಿಸ್ಸೊ ಕಂಪನಿಯ ಕಾರ್ಖಾನೆ ಕೊಲ್ಲಿಗೆ ಬಿಟ್ಟ ಮೀಥೈಲ್ ಪಾದರಸ ಕಾರಣ. ಆದರೆ ಕೊಡಗಿನವರಿಗೆ ಅದಕ್ಕಿಂತ ಹತ್ತಿರದ ಪಾಠ ಕೊಡೈಕನಾಲಿನದು. ಅಲ್ಲಿನ ಥರ್ಮಾಮೀಟರ್ ಕಾರ್ಖಾನೆಯಿಂದ ಹೊರಬಿದ್ದ ಪಾದರಸ ಅಂಟಿದ ಗಾಜಿನ ಚೂರುಗಳು 2001ರಲ್ಲಿ ಊರಿನ ಗುಜರಿ ಅಂಗಡಿಯೊಂದರಲ್ಲಿ ಪತ್ತೆಯಾದವು, ಆ ವರ್ಷವೇ ಕಾರ್ಖಾನೆ ಮುಚ್ಚಿತು. ಮಳೆ, ಇಳಿಜಾರು, ಶೋಲಾ ಕಾಡು, ಪ್ರವಾಸಿಗರು ಎಲ್ಲವೂ ನಮ್ಮಲ್ಲಿಯಂತೆಯೇ. ಪ್ರಮಾಣಕ್ಕೆ ಹೋಲಿಕೆ ಇಲ್ಲ, ಅಲ್ಲಿದ್ದದ್ದು ಕಾರ್ಖಾನೆ. ದಾರಿ ಮಾತ್ರ ಒಂದೇ: ಗಾಜಿನಿಂದ ಗುಜರಿಗೆ, ಗುಜರಿಯಿಂದ ಮಣ್ಣಿಗೆ. ನಮ್ಮಲ್ಲೂ ಗುಜರಿಯವರಿಗೆ ಟ್ಯೂಬಿನ ಗಾಜು ಬೇಡ. ತುದಿಯ ಅಲ್ಯೂಮಿನಿಯಂ ಟೋಪಿಗೋ ಸಿಎಫ್‌ಎಲ್ ಬುಡದ ತಾಮ್ರಕ್ಕೋ ಗಿರಾಕಿ ಇದೆ. ಅದನ್ನು ಬಿಡಿಸಲು ಒಡೆಯುತ್ತಾರೆ, ಉಳಿದದ್ದು ಹಿತ್ತಲಿಗೆ ಹೋಗುತ್ತದೆ.

ಏರಿನಿಂದ ಗದ್ದೆಗೆ

ಗಾಳಿಗೆ ಹೋದ ಧಾತುರೂಪದ ಪಾದರಸ ನೀರಿನಲ್ಲಿ ಅಷ್ಟಾಗಿ ಕರಗದು. ತಿಂಗಳುಗಟ್ಟಲೆ ವಾಯುಮಂಡಲದಲ್ಲಿ ತೇಲಿ ಎಲ್ಲೋ ದೂರದಲ್ಲಿ ಉತ್ಕರ್ಷಣಗೊಂಡು ಇಳಿಯುತ್ತದೆ. ಹಾಗಾಗಿ ಸಿದ್ದಾಪುರದಲ್ಲಿ ಒಡೆದ ಟ್ಯೂಬಿನ ಆವಿ ಸಿದ್ದಾಪುರದ ಮಳೆಯಲ್ಲೇ ಇಳಿಯಬೇಕೆಂದಿಲ್ಲ. ಊರಿನಲ್ಲಿ ಉಳಿಯುವುದು ಪುಡಿ.

ಕೊಡಗಿನ ನೆಲದ ರಚನೆ ನೋಡಿ: ಏರಿನಲ್ಲಿ ಕಾಫಿ ತೋಟ, ಅದರಂಚಿಗೆ ಲೈನ್ ಮನೆಗಳು (ತೋಟದ ಕಾರ್ಮಿಕರ ಸಾಲುಮನೆಗಳು), ತಗ್ಗಿನಲ್ಲಿ ಗದ್ದೆ, ಗದ್ದೆಯ ಬದಿಯಲ್ಲಿ ತೋಡು, ಅಂದರೆ ಚಿಕ್ಕ ಹಳ್ಳ. ಏರಿನಲ್ಲಿ ಎಸೆದ ಪುಡಿ ಮೊದಲ ಜೋರು ಮಳೆಗೇ ಕೆಳಗಿಳಿಯುತ್ತದೆ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಆಮ್ಲಜನಕ ಇರುವುದಿಲ್ಲ. ಅಲ್ಲಿ ಆಮ್ಲಜನಕದ ಬದಲು ಸಲ್ಫೇಟನ್ನೋ ಕಬ್ಬಿಣವನ್ನೋ ಬಳಸಿ ಬದುಕುವ ಬ್ಯಾಕ್ಟೀರಿಯಾಗಳಿವೆ. ಅವುಗಳಲ್ಲಿ ಕೆಲವು ಅಜೈವಿಕ ಪಾದರಸಕ್ಕೆ ಮೀಥೈಲ್ ಗುಂಪನ್ನು ಅಂಟಿಸಿ ಮೀಥೈಲ್ ಪಾದರಸ ಮಾಡುತ್ತವೆ. ಆ ಕೆಲಸಕ್ಕೆ ಬೇಕಾದ ಎರಡು ಜೀನುಗಳನ್ನು ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ಮೀಥೈಲ್ ಪಾದರಸದ ಗುಣವೇ ಬೇರೆ: ತಿಂದದ್ದರಲ್ಲಿ ಸುಮಾರು ಶೇ 95 ಕರುಳಿನಿಂದ ಮೈಗೆ ಸೇರುತ್ತದೆ, ಹೊರಹೋಗಲು ನಿಧಾನ, ಆಹಾರ ಸರಪಳಿಯ ಒಂದೊಂದು ಮೆಟ್ಟಿಲಿಗೂ ಸಾಂದ್ರತೆ ಏರುತ್ತದೆ. ಪಾಚಿ, ಹುಳ, ಗದ್ದೆಯ ಏಡಿ, ಚಿಕ್ಕ ಮೀನು, ದೊಡ್ಡ ಮೀನು, ಕಾವೇರಿಯಲ್ಲಾದರೆ ಕೊನೆಗೆ ನೀರುನಾಯಿ.

ಅಕ್ಕಿಯ ವಿಷಯ ಪಠ್ಯಗಳಲ್ಲಿ ಇನ್ನೂ ಸರಿಯಾಗಿ ಬಂದಿಲ್ಲ. ಚೀನಾದ ಗುಯಿಝೌ ಪ್ರಾಂತ್ಯದ ವಾನ್‌ಶಾನ್ ಪಾದರಸ ಗಣಿ ಪ್ರದೇಶದಲ್ಲಿ ಜನರ ಮೈಗೆ ಮೀಥೈಲ್ ಪಾದರಸ ಮುಖ್ಯವಾಗಿ ಬಂದದ್ದು ಮೀನಿನಿಂದಲ್ಲ, ಅನ್ನದಿಂದ. ಅದು ಗಣಿಯ ಪ್ರಮಾಣದ ಮಾಲಿನ್ಯ. ನಾಲ್ಕು ಟ್ಯೂಬು ಎಸೆದರೆ ನಮ್ಮ ಅಕ್ಕಿ ವಿಷವಾಗುತ್ತದೆ ಎಂದು ಯಾರೂ ಬರೆಯಬಾರದು. ನೀರು ನಿಂತ ಗದ್ದೆ ಈ ಪರಿವರ್ತನೆಗೆ ಹೇಳಿ ಮಾಡಿಸಿದ ಜಾಗ ಎಂಬುದಷ್ಟೇ ಅಲ್ಲಿಂದ ನಾವು ತೆಗೆದುಕೊಳ್ಳಬೇಕಾದ ಮಾತು. ಅಂದಹಾಗೆ ಭಾರತದ ಹೊಲಗಳಿಗೆ ಪಾದರಸ ಬಂದದ್ದು ದೀಪದಿಂದ ಮಾತ್ರವಲ್ಲ. ಬೀಜೋಪಚಾರಕ್ಕೆ ಬಳಸುತ್ತಿದ್ದ ಮೀಥಾಕ್ಸಿ ಈಥೈಲ್ ಮರ್ಕ್ಯುರಿ ಕ್ಲೋರೈಡ್ ಎಂಬ ಶಿಲೀಂಧ್ರನಾಶಕವನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದು 2018ರಲ್ಲಿ.

ಕಡಿಮೆ ಮಾಡುವುದು ಹೇಗೆ

ಮೊದಲ ದಾರಿ ಹೊಸ ಪಾದರಸ ಒಳಬರದಂತೆ ನೋಡಿಕೊಳ್ಳುವುದು. ಇದು ಬಹುಮಟ್ಟಿಗೆ ನಡೆಯುತ್ತಿದೆ. ಪಾದರಸದ ಬಳಕೆಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದ 2013ರಲ್ಲಿ ಅಂಗೀಕಾರವಾಗಿ 2017ರ ಆಗಸ್ಟ್ 16ರಂದು ಜಾರಿಗೆ ಬಂತು, ಭಾರತ 2018ರಲ್ಲಿ ಅನುಮೋದಿಸಿತು. 2023ರ ಜಿನೀವಾ ಸಭೆಯಲ್ಲಿ ಸಾಮಾನ್ಯ ಬೆಳಕಿನ ಫ್ಲೋರೊಸೆಂಟ್ ದೀಪಗಳ ತಯಾರಿಕೆ, ಆಮದು, ರಫ್ತನ್ನು 2027ರೊಳಗೆ ನಿಲ್ಲಿಸಲು ಸದಸ್ಯ ದೇಶಗಳು ಒಪ್ಪಿದವು. ಸಿಎಫ್‌ಎಲ್ ಬಂದ ಕಾಲದಲ್ಲಿ, ಅದು ಉಳಿಸುವ ವಿದ್ಯುತ್ತಿನಿಂದ ಕಲ್ಲಿದ್ದಲು ಸ್ಥಾವರಗಳ ಪಾದರಸ ಕಡಿಮೆಯಾಗುತ್ತದೆ ಎಂಬ ವಾದವಿತ್ತು, ಆಗ ಅದರಲ್ಲಿ ಹುರುಳೂ ಇತ್ತು. 2015ರ ಜನವರಿಯಲ್ಲಿ ಶುರುವಾದ, ಕೇಂದ್ರ ಸರ್ಕಾರದ ಎಲ್‌ಇಡಿ ಹಂಚಿಕೆಯ ಉಜಾಲಾ ಯೋಜನೆಯಿಂದ ಎಲ್‌ಇಡಿ ಅಗ್ಗವಾದ ಮೇಲೆ ಆ ವಾದಕ್ಕೆ ಕೆಲಸವಿಲ್ಲ.

ಆದರೆ ಎಲ್‌ಇಡಿ ಬಂದಷ್ಟೂ ಹಳೆಯವು ಗೋಡೆಯಿಂದ ಇಳಿಯುತ್ತವೆ. ಹೋಂಸ್ಟೇ, ಶಾಲೆ, ಕಲ್ಯಾಣ ಮಂಟಪ, ಪಲ್ಪಿಂಗ್ ಶೆಡ್ಡುಗಳಿಂದ ಒಟ್ಟೊಟ್ಟಿಗೆ ಇಳಿಯುವ ಕಾಲ ಇದೇ. ನಾವು ಗಮನ ಕೊಡಬೇಕಾದ್ದು ಇಲ್ಲಿ.

ಕಾನೂನು ಇಲ್ಲವೆಂದಲ್ಲ. 2016ರ ಘನತ್ಯಾಜ್ಯ ನಿಯಮಗಳು ಸಿಎಫ್‌ಎಲ್, ಟ್ಯೂಬ್‌ಲೈಟುಗಳನ್ನು ಮನೆಯ ಅಪಾಯಕಾರಿ ಕಸ ಎಂದು ಹೆಸರಿಸಿದವು. ಅದೇ ವರ್ಷದ ಇ-ತ್ಯಾಜ್ಯ ನಿಯಮಗಳು ಪಾದರಸದ ದೀಪಗಳನ್ನು ತಮ್ಮ ಪಟ್ಟಿಗೆ ಸೇರಿಸಿಕೊಂಡವು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಇ-ತ್ಯಾಜ್ಯ ನಿಯಮಗಳಲ್ಲಿ ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಸಗಟು ಬಳಕೆದಾರರಿಗೂ ಕರ್ತವ್ಯಗಳಿವೆ, ಆದರೆ ಸಗಟು ಎನ್ನಿಸಿಕೊಳ್ಳಲು ವರ್ಷದ ಯಾವುದಾದರೊಂದು ಹೊತ್ತಿನಲ್ಲಿ ಕನಿಷ್ಠ 1,000 ಉಪಕರಣಗಳು ಬಳಕೆಯಲ್ಲಿರಬೇಕು. ಹತ್ತು ಕೋಣೆಯ ಹೋಂಸ್ಟೇ ಆ ಮಿತಿಯ ಹತ್ತಿರವೂ ಸುಳಿಯದು. ಕೊಡಗಿನ ದೀಪಗಳು ಹೀಗೆ ಚದುರಿದ ಸಾವಿರಾರು ಚಿಕ್ಕ ಜಾಗಗಳಲ್ಲಿವೆ. ರೈಲು ಇಲ್ಲ, ಇ-ತ್ಯಾಜ್ಯ ಘಟಕಗಳಲ್ಲಿ ಹೆಚ್ಚಿನವು ಬೆಂಗಳೂರಿನ ಸುತ್ತ. ನಾಲ್ಕು ಟ್ಯೂಬಿಗಾಗಿ ಯಾರೂ ಗಾಡಿ ಕಳಿಸುವುದಿಲ್ಲ. ಒಂದು ಲೋಡ್ ಆಗುವಷ್ಟು ಒಂದೆಡೆ ಸೇರಿಸುವ ಕೊಂಡಿ ಬೇಕು. ನನ್ನ ಲೆಕ್ಕದಲ್ಲಿ ಅದಕ್ಕೆ ತಕ್ಕ ಜಾಗ ಪಂಚಾಯ್ತಿಯ ಕಸ ಬೇರ್ಪಡಿಸುವ ಘಟಕ, ಇಲ್ಲವೇ ಬೆಳೆಗಾರರ ಸಹಕಾರ ಸಂಘದ ಗೋದಾಮು. ಗೊಬ್ಬರ ಒಯ್ಯಲು ಹೇಗೂ ಎಲ್ಲರೂ ಅಲ್ಲಿಗೆ ಹೋಗುತ್ತಾರೆ.

ಅಲ್ಲಿಯವರೆಗೆ ಇಡುವ ರೀತಿ ಸರಳ. ಹೊಸ ಟ್ಯೂಬ್ ಬಂದ ರಟ್ಟಿನ ಕವಚದಲ್ಲೇ ಹಳೆಯದನ್ನು ತೂರಿಸಿ, ಮಳೆ ನೀರು ತಾಗದ, ಜನ ಓಡಾಡದ ಮೂಲೆಯಲ್ಲಿ ಇಡುವುದು. ಹಗ್ಗದಿಂದ ಬಿಗಿದು ಕಟ್ಟಬಾರದು. ಸಿಎಫ್‌ಎಲ್‌ಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಮುಚ್ಚಳದ ಡಬ್ಬದಲ್ಲಿ ಇಡಬಹುದು. ಮೆತ್ತಗಿರಲಿ ಎಂದು ಕಾಫಿ ಹೊಟ್ಟು ತುಂಬಲು ಮನಸ್ಸಾಗುತ್ತದೆ. ಬೇಡ, ಒಂದು ಒಡೆದರೆ ಆ ಹೊಟ್ಟು ಹೋಗಿ ಸೇರುವುದು ಗೊಬ್ಬರದ ಗುಂಡಿಗೆ. ಸಾಗಿಸಲು ಸುಲಭವೆಂದು ಡ್ರಮ್ಮಿನಲ್ಲಿ ಒಡೆದು ತುಂಬುವ ಯಂತ್ರಗಳೂ ಇವೆ. ಫಿಲ್ಟರ್ ಕೈಕೊಟ್ಟರೆ ಡ್ರಮ್ಮೇ ಆವಿಯ ಮೂಲವಾಗುತ್ತದೆ, ಆದ್ದರಿಂದ ಊರ ಮಟ್ಟದಲ್ಲಿ ಅದಕ್ಕೆ ನನ್ನ ಒಪ್ಪಿಗೆ ಇಲ್ಲ.

ಸಂಸ್ಕರಣಾ ಘಟಕದಲ್ಲಿ ಒಳಗಿನ ಗಾಳಿ ಹೊರನುಗ್ಗದಂತೆ ಕಡಿಮೆ ಒತ್ತಡದಲ್ಲಿಟ್ಟ ಮುಚ್ಚಿದ ಯಂತ್ರದೊಳಗೆ ಟ್ಯೂಬಿನ ಎರಡೂ ತುದಿ ಕತ್ತರಿಸಿ, ಗಾಳಿ ಊದಿ ಪುಡಿ ತೆಗೆಯುತ್ತಾರೆ. ಗಾಜು, ಅಲ್ಯೂಮಿನಿಯಂ ಬೇರೆಯಾಗುತ್ತವೆ. ಪುಡಿಯನ್ನು ಕುದಿಬಿಂದುವಿಗಿಂತ ಮೇಲಕ್ಕೆ ಕಾಯಿಸಿ, ಬರುವ ಆವಿಯನ್ನು ತಣಿಸಿ ಪಾದರಸ ಹಿಡಿಯುತ್ತಾರೆ. ತಪ್ಪಿಸಿಕೊಂಡ ಆವಿಗೆ ಗಂಧಕ ಸೇರಿಸಿದ ಇದ್ದಿಲಿನ ಫಿಲ್ಟರ್. ಪಾದರಸವೂ ಗಂಧಕವೂ ಕೂಡಿದರೆ ಮರ್ಕ್ಯುರಿಕ್ ಸಲ್ಫೈಡ್, ಅಂದರೆ ಇಂಗಳೀಕ ಎಂಬ ಕೆಂಪು ಪಾದರಸದ ಅದಿರಿನದ್ದೇ ರಾಸಾಯನಿಕ. ಅದು ನೀರಿಗೆ ಕರಗದಷ್ಟು ಸ್ಥಿರ.

ಒಡೆದೇ ಹೋದರೆ: ಮಕ್ಕಳನ್ನೂ ನಾಯಿಯನ್ನೂ ಹೊರಗೆ ಕಳಿಸಿ, ಎಷ್ಟೇ ಚಳಿ ಇರಲಿ, 10-15 ನಿಮಿಷ ಕಿಟಕಿ ತೆರೆದಿಡಿ. ಪೊರಕೆ ಬೇಡ, ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ, ಎರಡೂ ಪುಡಿಯನ್ನು ಗಾಳಿಗೆ ಎಬ್ಬಿಸುತ್ತವೆ. ಗಟ್ಟಿ ರಟ್ಟಿನಿಂದ ಚೂರು ಬಾಚಿ, ಉಳಿದ ಪುಡಿಯನ್ನು ಅಂಟುಪಟ್ಟಿಯಿಂದ ಒತ್ತಿ ತೆಗೆದು, ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ ಮನೆಯ ಹೊರಗಿಡಿ. ಕಸದ ಜೊತೆ ಸುಡುವುದು ಎಲ್ಲಕ್ಕಿಂತ ಕೆಟ್ಟದ್ದು: ಪುಡಿಯಲ್ಲಿ ಹಿಡಿದಿಟ್ಟದ್ದೂ ಆವಿಯಾಗಿ ಹೋಗುತ್ತದೆ.

ಟ್ಯೂಬ್‌ಲೈಟೆಲ್ಲ ಹೋದರೂ ಪಾದರಸದ ದೀಪಗಳು ಪೂರ್ತಿ ಹೋಗಿರುವುದಿಲ್ಲ. ಹಳದಿ ಬೆಳಕಿನ ಸೋಡಿಯಂ ಬೀದಿದೀಪಗಳಲ್ಲೂ ಪಾದರಸವಿದೆ. ನೀರು ಶುದ್ಧ ಮಾಡುವ ಯಂತ್ರದೊಳಗಿನ ಯುವಿ ದೀಪವಂತೂ ಬಿಳಿ ಪುಡಿ ಬಳಿಯದ ಟ್ಯೂಬ್‌ಲೈಟೇ. 254 ನ್ಯಾನೊಮೀಟರಿನ ಆ ಕಿರಣವನ್ನು ಬೆಳಕಾಗಿ ಬದಲಿಸದೆ ನೇರವಾಗಿ ರೋಗಾಣುಗಳ ಮೇಲೆ ಬಿಡುತ್ತಾರೆ, ಅದಕ್ಕೆಂದು ಗಾಜೂ ಬೇರೆ. ಸರ್ವಿಸಿಗೆ ಬಂದವರು ಅದನ್ನು ಬದಲಿಸಿ ಹಳೆಯದನ್ನು ಮನೆಯಲ್ಲೇ ಬಿಟ್ಟು ಹೋದರೆ, ಕಸದ ಬುಟ್ಟಿಗೆ ಹಾಕದೆ ಟ್ಯೂಬುಗಳ ಜೊತೆಗೇ ಇಡಬೇಕು.