ಮುಹೂರ್ತಕ್ಕೆಂದು ನುಂಗಿದ ಮಾತ್ರೆ

ಮದುವೆ ಸೀಸನ್ ಬಂತೆಂದರೆ ನನಗೆ ಭಯ. ಹಾಸನದ ನನ್ನ ಕ್ಲಿನಿಕ್ಕಿಗೆ ಬರುವ ಪಾರ್ಕಿನ್ಸನ್ ರೋಗಿಗಳಲ್ಲಿ ಒಬ್ಬರಾದರೂ "ನಾಲ್ಕು ಜನರ ಮುಂದೆ ಕೈ ನಡುಗಬಾರದು" ಎಂದು ತಾವಾಗಿಯೇ ಹೆಚ್ಚು ಮಾತ್ರೆ ನುಂಗಿರುತ್ತಾರೆ.

ಹೊಳೆನರಸೀಪುರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಮೊಮ್ಮಗಳ ಧಾರೆಯ ದಿನ ಹೀಗೇ ಮಾಡಿದರು. ಬೆಳಿಗ್ಗೆ ಒಂದು ಲೆವೊಡೋಪಾ ಬದಲು ಎರಡು, ಮುಹೂರ್ತಕ್ಕೆ ಮುಂಚೆ ಮತ್ತೊಂದು. ಪಾರ್ಕಿನ್ಸನ್ ರೋಗದಲ್ಲಿ ಕಮ್ಮಿಯಾಗುವ ಡೋಪಮೈನ್ ಎಂಬ ರಸಾಯನವಾಗಿ ಮಿದುಳಿನಲ್ಲಿ ಬದಲಾಗುವ ಮಾತ್ರೆ ಅದು. ನಡುಕವೇನೋ ನಿಂತಿತು. ಆದರೆ ಅಕ್ಷತೆ ಹಿಡಿದು ನಿಂತವರ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡಿತು, ಭುಜ ಹೊರಳತೊಡಗಿತು, ಕಾಲು ತಾನಾಗಿ ಕುಣಿಯಿತು. ಬೀಗರ ಕಡೆಯವರು ಯಾರೋ "ಬೆಳಿಗ್ಗೇನೇ ಹಾಕ್ಕೊಂಡಿದಾರೆ" ಅಂದದ್ದು ಅವರ ಕಿವಿಗೇ ಬಿತ್ತು. ಜೀವಮಾನದಲ್ಲಿ ಒಂದು ತೊಟ್ಟು ಕುಡಿಯದ ಮನುಷ್ಯ. ನನ್ನೆದುರು ಕೂತು ಅದನ್ನು ಹೇಳುವಾಗ ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತುತ್ತಲೇ ಇದ್ದರು. "ಡೋಪಮೈನ್ ಕಮ್ಮಿಯಾಗಿದೆ ಅಂತ ನೀವೇ ಹೇಳಿದ್ರಲ್ಲ ಸಾರ್. ಕಮ್ಮಿ ಇರೋದನ್ನ ತುಂಬಿಸಿದ್ರೆ ತಪ್ಪೇನು?"

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ, ಆದರೂ ಇನ್ನೊಮ್ಮೆ ಹೇಳುತ್ತೇನೆ. ಡೋಪಮೈನ್ ಬೈಕಿಗೆ ಹಾಕಿಸುವ ಪೆಟ್ರೋಲ್ ಅಲ್ಲ. ಅದು ಕೆರೆಯ ನೀರುಗಂಟಿ ಇದ್ದ ಹಾಗೆ. ಯಾವ ತೂಬನ್ನು ಎಷ್ಟು ಎತ್ತಬೇಕು, ಯಾವುದನ್ನು ಇಳಿಸಬೇಕು ಎನ್ನುವುದು ಅದರ ಕೆಲಸ. ಮಿದುಳಿನ ಸ್ಟ್ರಯೇಟಮ್ ಎಂಬ ಭಾಗದಿಂದ ಎರಡು ಕಾಲುವೆ ಹೊರಡುತ್ತವೆ ಎಂದುಕೊಳ್ಳಿ. ಒಂದು ಚಲನೆಗೆ ದಾರಿ ಬಿಡುತ್ತದೆ, ಇನ್ನೊಂದು ತಡೆಯುತ್ತದೆ. ಡೋಪಮೈನ್ ಮೊದಲನೆಯದನ್ನು ತೆರೆದು ಎರಡನೆಯದನ್ನು ತಗ್ಗಿಸುತ್ತದೆ.

ಆ ಕಾಲುವೆಗಳೂ ಸುಮ್ಮನಿರುವುದಿಲ್ಲ. ಅಲ್ಲಿನ ಜೀವಕೋಶಗಳು ಪ್ರೋಟೀನಿನ ಪುಟ್ಟ ತುಂಡುಗಳಂಥ ತಮ್ಮದೇ ಪೆಪ್ಟೈಡ್‌ಗಳನ್ನು ತಯಾರಿಸುತ್ತವೆ: ದಾರಿ ಬಿಡುವ ಕಡೆ ಸಬ್‌ಸ್ಟೆನ್ಸ್ ಪಿ ಮತ್ತು ಡೈನಾರ್ಫಿನ್, ತಡೆಯುವ ಕಡೆ ಎನ್ಕೆಫಾಲಿನ್. ಈ ಎನ್ಕೆಫಾಲಿನ್ ಐದೇ ಅಮೈನೋ ಆಮ್ಲಗಳ ಪುಟ್ಟ ಸರ. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕೋಸ್ಟರ್ಲಿಟ್ಜ್ ಎಂಬ ವಿಜ್ಞಾನಿಗಳು ಅದನ್ನು ಹಂದಿಯ ಮಿದುಳಿನಿಂದ ಬೇರ್ಪಡಿಸಿದರು. ಅಫೀಮು ಹೋಗಿ ಕೂರುವ ಜಾಗದಲ್ಲೇ ಇದೂ ಕೂರುತ್ತದೆ.

ಪೆಪ್ಟೈಡ್‌ಗಳ ಗತಿ ನಿಧಾನ. ಕೋಶದ ಒಳಗೆ ದೊಡ್ಡ ಪ್ರೋಟೀನಾಗಿ ತಯಾರಾಗಿ, ತುಂಡಾಗಿ, ತುದಿಯವರೆಗೆ ಸಾಗಿ ಬರಬೇಕು. ಡೋಪಮೈನ್ ಕಮ್ಮಿಯಾಗುತ್ತಾ ಹೋದ ವರ್ಷಗಳಲ್ಲಿ ತಡೆಯುವ ಕಾಲುವೆಯಲ್ಲಿ ಎನ್ಕೆಫಾಲಿನ್ ಏರಿರುತ್ತದೆ, ಬಿಡುವ ಕಾಲುವೆಯಲ್ಲಿ ಸಬ್‌ಸ್ಟೆನ್ಸ್ ಪಿ ಇಳಿದಿರುತ್ತದೆ. ಆಮೇಲೆ ಲೆವೊಡೋಪಾ ಶುರುವಾಗುತ್ತದೆ. ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು ಒಂದೂವರೆ ಗಂಟೆ ಸಾಕು, ಹಾಗಾಗಿ ಡೋಪಮೈನ್ ಉಬ್ಬರ ಇಳಿತದಲ್ಲಿ ಬರುತ್ತದೆ. ಆ ಏರಿಳಿತಕ್ಕೆ ಡೈನಾರ್ಫಿನ್ ತಯಾರಿಕೆ ಹೆಚ್ಚುತ್ತದೆ. ಮೈ ತಿರುಚುವುದಕ್ಕೆ ಇದೊಂದೇ ಕಾರಣ ಎನ್ನಲಾರೆ, ಮಿದುಳಿನ ಇನ್ನೊಂದು ರಸಾಯನವಾದ ಗ್ಲುಟಮೇಟ್‌ನ ಪಾಲೂ ಇದೆ. ಆದರೆ ವರ್ಷಗಟ್ಟಲೆ ನೀರು ಕಾಣದ ಕಾಲುವೆಯ ಏರಿ ಬಿರುಕು ಬಿಟ್ಟಿರುವಾಗ ತೂಬನ್ನು ಪೂರ್ತಿ ಎತ್ತಿದರೆ ಏನಾಗುತ್ತದೆ ಎಂದು ಮೇಷ್ಟ್ರಿಗೆ ನಾನು ಹೇಳಿಕೊಡಬೇಕಿರಲಿಲ್ಲ. ಅವರದೂ ಎರಡು ಎಕರೆ ಗದ್ದೆ ಇದೆ.

ಇದೇ ಡೋಪಮೈನ್ ಆಸೆಯ ತೂಬನ್ನೂ ನೋಡಿಕೊಳ್ಳುತ್ತದೆ. ಬೇಲೂರು ಕಡೆಯ ತೋಟವೊಂದರ ರೈಟರ್ ಒಬ್ಬರಿಗೆ ಪ್ರಮಿಪೆಕ್ಸೋಲ್ ಎಂಬ, ಡೋಪಮೈನ್ ಹಾಗೆಯೇ ಕೆಲಸ ಮಾಡುವ ಮಾತ್ರೆ ಕೊಟ್ಟಿದ್ದೆ. ಆರು ತಿಂಗಳಲ್ಲಿ ರಾತ್ರಿಯಿಡೀ ಮೊಬೈಲಿನಲ್ಲಿ ರಮ್ಮಿ ಆಡುವ ಮಟ್ಟಕ್ಕೆ ಬಂದರು. ಮನೆಯವರು ಮರ್ಯಾದೆಗೆ ಅಂಜಿ ನನಗೆ ಹೇಳಲಿಲ್ಲ, ಹೆಂಡತಿಯ ಸರ ಗಿರವಿ ಹೋದ ಮೇಲೆ ಹೇಳಿದರು. "ಆಡೋವಾಗ ಖುಷಿ ಆಗುತ್ತಾ?" ಎಂದು ಕೇಳಿದೆ. "ಇಲ್ಲ ಡಾಕ್ಟ್ರೇ. ಗೆದ್ರೂ ಏನೂ ಅನ್ಸಲ್ಲ. ಬಿಡೋಕಾಗಲ್ಲ, ಅಷ್ಟೇ." ಡೋಪಮೈನ್ ಎಂದರೆ ಸಂತೋಷದ ರಸಾಯನ ಎನ್ನುವವರಿಗೆ ನಾನು ಈ ಮಾತನ್ನೇ ಹೇಳುವುದು. ಬೇಕು ಬೇಕು ಎನ್ನಿಸುವುದು ಬಹುಮಟ್ಟಿಗೆ ಡೋಪಮೈನ್ ಕೆಲಸ. ಸಿಕ್ಕಾಗ ಆಗುವ ಹಿತದಲ್ಲಿ ಎನ್ಕೆಫಾಲಿನ್ ಜಾತಿಯ ಪೆಪ್ಟೈಡ್‌ಗಳ ಪಾಲು ದೊಡ್ಡದು. ಮಾತ್ರೆ ಮೊದಲನೆಯದನ್ನು ಏರಿಸಿತ್ತು, ಎರಡನೆಯದನ್ನಲ್ಲ. 2010ರಲ್ಲಿ ಪ್ರಕಟವಾದ, ಅಮೆರಿಕ ಮತ್ತು ಕೆನಡಾದ 3,090 ರೋಗಿಗಳ ಅಧ್ಯಯನದಲ್ಲಿ ಶೇ. 13.6 ಮಂದಿಗೆ ಜೂಜು, ಖರೀದಿ, ಕಾಮ, ತಿನ್ನುವುದು, ಇವುಗಳಲ್ಲಿ ಯಾವುದಾದರೊಂದರ ಹಿಡಿತ ತಪ್ಪಿತ್ತು. ಇದು ನಡತೆಗೇಡಲ್ಲ. ದಯವಿಟ್ಟು ಮೊದಲ ವಾರವೇ ಬಂದು ಹೇಳಿ, ಬಯ್ಯಬೇಡಿ.

ಹಾಗೆಂದು ಹೆದರಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಲೂಬೇಡಿ. ಜ್ವರ ಏರಿ, ಮೈ ಮರದಂತೆ ಸೆಟೆದು, ಜೀವಕ್ಕೇ ಅಪಾಯವಾದದ್ದುಂಟು. ಇಳಿಸುವುದಿದ್ದರೂ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು.

ಮೊನ್ನೆ ಮೇಷ್ಟ್ರ ಮನೆಯವರು ಒಂದು ಹಳೇ ನೋಟ್‌ಬುಕ್ ತಂದಿದ್ದರು. ಮಾತ್ರೆ ನುಂಗಿದ್ದು ಎಷ್ಟು ಹೊತ್ತಿಗೆ, ಕೈ ಸಡಿಲವಾದದ್ದು ಯಾವಾಗ, ಮೈ ತಿರುಚಿದ್ದು ಯಾವಾಗ, ಎಲ್ಲಾ ಗೀಟು ಹಾಕಿ ಬರೆದಿದ್ದರು. ಮೊಮ್ಮಗಳ ಸೀಮಂತಕ್ಕೆ ಮೂರು ವಾರ ಇತ್ತು. ಆ ಪುಟಗಳನ್ನು ನೋಡಿ, ಒಂದು ಮಾತ್ರೆಯೂ ಹೆಚ್ಚಿಸದೆ, ಬೆಳಗಿನದನ್ನು ಅರ್ಧ ಗಂಟೆ ಹಿಂದೆ ಸರಿಸಿದೆ. ಪ್ರೋಟೀನ್ ಇರುವ ಊಟ ಮಾತ್ರೆಗೆ ಅಡ್ಡ ಬರುತ್ತದೆ, ಅವರೆಕಾಳು ಸಾರು ಮಧ್ಯಾಹ್ನಕ್ಕೆ ಇರಲಿ ಎಂದೆ. "ಅದನ್ನ ನಾನು ನೋಡ್ಕೊತೀನಿ ಬಿಡಿ ಡಾಕ್ಟ್ರೇ" ಎಂದು ಆಕೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.