ವಕೀಲರ ಚೀಟಿಯಿಂದ ಇಂಪ್ಯಾಕ್ಟ್ ಫ್ಯಾಕ್ಟರ್‌ವರೆಗೆ: ಕಾನೂನು ಜರ್ನಲ್‌ಗಳನ್ನು ಅಳೆಯುತ್ತಾ ಬಂದ ಕಥೆ

ಧಾರವಾಡದ ಹೈಕೋರ್ಟ್ ಪೀಠದ ಆವರಣದಲ್ಲಿ ಒಬ್ಬ ವಕೀಲರು ಇನ್ನೊಬ್ಬರಿಗೆ ‘ಸೈಟೇಷನ್ ಐತೇನ್ರಿ?’ ಅಂತ ಕೇಳಿದರೆ ಅದಕ್ಕೆ ಒಂದೇ ಅರ್ಥ. ನಿಮ್ಮ ವಾದಕ್ಕೆ ಆಸರೆಯಾಗುವ ಹಳೆಯ ತೀರ್ಪಿನ ವಿಳಾಸ ಕೊಡಿ ಅಂತ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯ ನವನಗರಕ್ಕೆ, ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಹೊರಟ ಸಂಶೋಧನಾ ವಿದ್ಯಾರ್ಥಿ ‘ನನಗೆ ಇನ್ನೂ ಸೈಟೇಷನ್ ಬಂದಿಲ್ಲರೀ’ ಅಂದರೆ ಅದು ಬೇರೆ ಮಾತು. ತನ್ನ ಲೇಖನವನ್ನು ಬೇರೆ ಯಾರೂ ಅಡಿಟಿಪ್ಪಣಿಯಲ್ಲಿ ಹೆಸರಿಸಿಲ್ಲ ಅನ್ನೋ ಚಿಂತೆ ಅದು.

ಅವಳಿ ನಗರದ ಒಂದು ಕಾನೂನು ಕಾಲೇಜಿನ ಗ್ರಂಥಾಲಯದಲ್ಲಿ ನನ್ನ ಕೆಲಸ. ಈ ಎರಡೂ ಮಾತು ದಿನಾ ಕಿವಿಗೆ ಬೀಳುತ್ತವೆ. ಎರಡಕ್ಕೂ ಬೇರು ಒಂದೇ ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ. ಇವತ್ತು ಜಗತ್ತಿನ ವಿಜ್ಞಾನಿಗಳನ್ನೆಲ್ಲ ಅಳೆಯುವ ಈ ಕೋಲನ್ನು ಮೊದಲು ಮಾಡಿಕೊಂಡವರು ಕಾನೂನಿನವರು. ಅದು ಪ್ರಯೋಗಾಲಯಕ್ಕೆ ಹೋಗಿ, ಬೇರೆ ಆಕಾರ ಪಡೆದು, ಈಗ ಕಾನೂನು ಜರ್ನಲ್‌ಗಳ ಮೇಲೆ ವಾಪಸ್ ಬಂದಿದೆ. ಆದರೆ ಇಲ್ಲಿಗೆ ಸರಿಯಾಗಿ ಹೊಂದುತ್ತಿಲ್ಲ.

ಮೊದಲು ಒಂದು ಅಡಿಟಿಪ್ಪಣಿಯನ್ನೇ ಹತ್ತಿರದಿಂದ ನೋಡೋಣ. ‘ಎಸ್. ಆರ್. ಬೊಮ್ಮಾಯಿ ವಿರುದ್ಧ ಭಾರತ ಒಕ್ಕೂಟ, ಎಐಆರ್ 1994 ಎಸ್‌ಸಿ 1918.’ ಬೊಮ್ಮಾಯಿಯವರು ಶಿಗ್ಗಾಂವಿ ತಾಲ್ಲೂಕಿನ ಕಾರಡಗಿಯವರು, ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದವರು. ಅವರು ಕರ್ನಾಟಕದ ಮುಖ್ಯಮಂತ್ರಿಯಾಗಿದ್ದಾಗ, 1989ರ ಏಪ್ರಿಲ್‌ನಲ್ಲಿ ಅವರ ಸರ್ಕಾರ ವಜಾ ಆಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಅನ್ನೋದು ಸದನದಲ್ಲೇ ತೀರ್ಮಾನ ಆಗಬೇಕು ಎಂದಿತು. ಆ ತೀರ್ಪು ‘ಆಲ್ ಇಂಡಿಯಾ ರಿಪೋರ್ಟರ್’ನ 1994ರ ಸುಪ್ರೀಂ ಕೋರ್ಟ್ ಭಾಗದ 1918ನೇ ಪುಟದಲ್ಲಿ ಶುರುವಾಗುತ್ತದೆ. ಅಡಿಟಿಪ್ಪಣಿ ಹೇಳುವುದು ಇಷ್ಟನ್ನೇ.

ಅದೇ ತೀರ್ಪನ್ನು ಇನ್ನೊಬ್ಬರು ‘(1994) 3 ಎಸ್‌ಸಿಸಿ 1’ ಅಂತ ಬರೆಯುತ್ತಾರೆ. ಅದು ಇನ್ನೊಂದು ಪ್ರಕಾಶನದ ವರದಿ ಮಾಲೆ. ತೀರ್ಪು ಒಂದೇ, ವಿಳಾಸ ಎರಡು. ಓದುವ ವಕೀಲರಿಗೆ ಗೊಂದಲ ಇಲ್ಲ. ಎಣಿಸುವ ಯಂತ್ರಕ್ಕೆ ಮಾತ್ರ ಯಾರಾದರೂ ಹೇಳಿಕೊಡದಿದ್ದರೆ ಅವು ಎರಡು ಬೇರೆ ಬೇರೆ ವಸ್ತು. ಎಂಎಲ್ಐಎಸ್‌ಸಿ, ಅಂದರೆ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ ಓದುವ ಮಕ್ಕಳು ಯಾವುದಾದರೂ ಕಾನೂನು ಜರ್ನಲ್‌ನ ಹತ್ತು ವರ್ಷದ ಅಡಿಟಿಪ್ಪಣಿಗಳನ್ನು ಎಣಿಸಿ ಪ್ರಾಜೆಕ್ಟ್ ಮಾಡುತ್ತೇವೆ ಅಂತ ಬಂದಾಗ ನಾನು ಮೊದಲು ತೋರಿಸುವುದು ಇದನ್ನೇ. ಎಕ್ಸೆಲ್ ಶೀಟ್ ತೆಗೆಯುವ ಮೊದಲು ಈ ಎರಡು ವಿಳಾಸ ಒಂದೇ ಮನೆಯದ್ದು ಅಂತ ಬರೆದಿಟ್ಟುಕೊಳ್ಳಿ ಅನ್ನುತ್ತೇನೆ.

ಈಗ ಹಿಂದಕ್ಕೆ ಹೋಗೋಣ. 1873ರ ಸುಮಾರಿಗೆ ಅಮೆರಿಕದ ಶಿಕಾಗೋದಲ್ಲಿ ಫ್ರಾಂಕ್ ಶೆಪರ್ಡ್ ಎಂಬ ಕಾನೂನು ಪುಸ್ತಕಗಳ ಮಾರಾಟಗಾರನಿದ್ದ. ವಕೀಲರು ತಮ್ಮ ವರದಿ ಪುಸ್ತಕಗಳ ಅಂಚಿನಲ್ಲಿ ಪೆನ್ನಿನಿಂದ ಗುರುತು ಹಾಕಿಕೊಳ್ಳುವುದನ್ನು ಅವನು ಗಮನಿಸಿದ. ಈ ತೀರ್ಪನ್ನು ಮುಂದೆ ಇಂಥ ತೀರ್ಪು ಒಪ್ಪಿಕೊಂಡಿದೆ, ಇಂಥದ್ದು ತಳ್ಳಿಹಾಕಿದೆ ಅನ್ನುವ ಗುರುತುಗಳು ಅವು. ಆ ಗುರುತುಗಳನ್ನೇ ಅವನು ಅಂಟು ಚೀಟಿಗಳಲ್ಲಿ ಅಚ್ಚು ಹಾಕಿ ಮಾರತೊಡಗಿದ. ವಕೀಲರ ಗುಮಾಸ್ತ ಚೀಟಿಯನ್ನು ಒದ್ದೆ ಮಾಡಿ ಸರಿಯಾದ ಪುಟದ ಅಂಚಿಗೆ ಅಂಟಿಸಿದರೆ ಸಾಕು. ಚೀಟಿ ಹೆಚ್ಚಾದ ಮೇಲೆ ಅದೇ ದೊಡ್ಡ ಪುಸ್ತಕ ಮಾಲೆಯಾಯಿತು. ಒಂದು ತೀರ್ಪು ಇನ್ನೂ ಜೀವಂತ ಇದೆಯೋ ಇಲ್ಲವೋ ಅಂತ ಪರೀಕ್ಷಿಸುವುದಕ್ಕೆ ಅಮೆರಿಕದ ವಕೀಲರು ಇವತ್ತಿಗೂ ಶೆಪರ್ಡ್‌ನ ಹೆಸರನ್ನೇ ಕ್ರಿಯಾಪದದ ಹಾಗೆ ಬಳಸುತ್ತಾರೆ.

ಆ ಚೀಟಿಯಲ್ಲಿ ಎಣಿಕೆ ಇರಲಿಲ್ಲ ಅನ್ನೋದನ್ನು ನೆನಪಿಡಬೇಕು. ಎಷ್ಟು ಸಲ ಹೆಸರಿಸಿದ್ದಾರೆ ಅನ್ನೋದಲ್ಲ, ಯಾಕೆ ಹೆಸರಿಸಿದ್ದಾರೆ ಅನ್ನೋದು ಅಲ್ಲಿ ಮುಖ್ಯ. ತಳ್ಳಿಹಾಕಿದ ಒಂದು ಉಲ್ಲೇಖ ಬಂದರೆ ಸಾಕು, ಹಿಂದಿನ ನೂರು ಹೊಗಳಿಕೆ ಕೆಲಸಕ್ಕೆ ಬರುವುದಿಲ್ಲ.

1953ರಲ್ಲಿ ಈ ವಿದ್ಯೆ ದಾರಿ ಬದಲಿಸಿತು. ಯೂಜೀನ್ ಗಾರ್ಫೀಲ್ಡ್ ಆಗ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಕೀಯ ಲೇಖನಗಳ ಸೂಚಿ ಮಾಡುವ ಯೋಜನೆಯಲ್ಲಿದ್ದ. ಶೆಪರ್ಡ್ ಕಂಪನಿಯಿಂದ ನಿವೃತ್ತನಾಗಿದ್ದ ವಿಲಿಯಂ ಅಡೇರ್ ಅವನಿಗೊಂದು ಪತ್ರ ಬರೆದ. ನಮ್ಮ ವಕೀಲರ ಪದ್ಧತಿ ನಿಮ್ಮ ವಿಜ್ಞಾನಕ್ಕೂ ಆಗುತ್ತದೆ ನೋಡಿ ಅನ್ನೋದು ಅದರ ಸಾರ. ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಆ ಬಗ್ಗೆ ಲೇಖನ ಬರೆದ. 1960ರ ದಶಕದಲ್ಲಿ, ಯಾವ ಲೇಖನವನ್ನು ಮುಂದೆ ಯಾರು ಹೆಸರಿಸಿದ್ದಾರೆ ಅಂತ ತೋರಿಸುವ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಬಂತು. ಸೂಚಿಯಲ್ಲಿ ಯಾವ ಜರ್ನಲ್ ಸೇರಿಸಬೇಕು ಅಂತ ಆರಿಸಿಕೊಳ್ಳಲು ಅವನೂ ಅವನ ಜೊತೆಗಾರ ಇರ್ವಿಂಗ್ ಶೆರ್ ಕೂಡ ಒಂದು ಲೆಕ್ಕ ಹಾಕಿಕೊಂಡರು. ಅದೇ ಇಂಪ್ಯಾಕ್ಟ್ ಫ್ಯಾಕ್ಟರ್. 1975ರಿಂದ ಜರ್ನಲ್‌ಗಳ ಈ ಅಂಕಿಗಳು ವರದಿಯಾಗಿ ಬರತೊಡಗಿದವು.

ಲೆಕ್ಕ ಸರಳ. ಒಂದು ಜರ್ನಲ್ ಕಳೆದ ಎರಡು ವರ್ಷದಲ್ಲಿ ವರ್ಷಕ್ಕೆ 20ರಂತೆ 40 ಲೇಖನ ಹಾಕಿದೆ ಅಂದುಕೊಳ್ಳಿ. ಈ ವರ್ಷ ಆ 40ಕ್ಕೆ ಒಟ್ಟು 10 ಉಲ್ಲೇಖ ಬಂದವು. 10ನ್ನು 40ರಿಂದ ಭಾಗಿಸಿದರೆ 0.25. ಇದು ಆ ಜರ್ನಲ್‌ನ ಸರಾಸರಿ, ಅದರಲ್ಲಿರುವ ಯಾವ ಒಂದು ಲೇಖನದ ಗುಣವನ್ನೂ ಇದು ಹೇಳುವುದಿಲ್ಲ. ಮುಖ್ಯ ವಿಷಯ ಆ ಎರಡು ವರ್ಷದ ಗಡುವಿನಲ್ಲಿದೆ. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಎರಡು ವರ್ಷ ಅಂದರೆ ಬಹಳ. ಕಾನೂನಿನಲ್ಲಿ ಎರಡು ವರ್ಷಕ್ಕೆ ಒಂದು ದಾವೆಯ ಸಾಕ್ಷಿ ವಿಚಾರಣೆಯೂ ಮುಗಿದಿರುವುದಿಲ್ಲ.

ಉದಾಹರಣೆ ನೋಡಿ. ಖಾಸಗಿತನದ ಹಕ್ಕಿನ ಬಗ್ಗೆ ವಾರೆನ್ ಮತ್ತು ಬ್ರಾಂಡೈಸ್ ಎಂಬ ಇಬ್ಬರು ಹಾರ್ವರ್ಡ್ ಲಾ ರಿವ್ಯೂನಲ್ಲಿ ಲೇಖನ ಬರೆದದ್ದು 1890ರಲ್ಲಿ. ನಮ್ಮ ಸುಪ್ರೀಂ ಕೋರ್ಟ್ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ್ದು 2017ರ ಆಗಸ್ಟ್ 24ರಂದು. ಆ ತೀರ್ಪಿನಲ್ಲಿ 127 ವರ್ಷ ಹಳೆಯ ಲೇಖನದ ಚರ್ಚೆ ಇದೆ. ಎರಡು ವರ್ಷದ ಲೆಕ್ಕದಲ್ಲಿ ಇದಕ್ಕೆಲ್ಲಿದೆ ಜಾಗ?

ಇನ್ನೊಂದು ನಮ್ಮ ನೆಲಕ್ಕೆ ಇನ್ನೂ ಹತ್ತಿರದ್ದು. 1965ರಲ್ಲಿ ಜರ್ಮನಿಯ ಪ್ರಾಧ್ಯಾಪಕ ಡೀಟ್ರಿಚ್ ಕಾನ್ರಾಡ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಒಂದು ಉಪನ್ಯಾಸ ಕೊಟ್ಟರು. ಸಂವಿಧಾನ ತಿದ್ದುವ ಅಧಿಕಾರಕ್ಕೆ ಒಳಗಿಂದಲೇ ಮಿತಿ ಇರುತ್ತದೆ ಅನ್ನೋದು ವಿಷಯ. ಮುಂದೆ ಅದರ ಬಗ್ಗೆ ಲೇಖನವನ್ನೂ ಬರೆದರು. ವಕೀಲ ಎಂ. ಕೆ. ನಂಬಿಯಾರ್ ಗೋಲಕನಾಥ್ ಪ್ರಕರಣದಲ್ಲಿ ಆ ವಾದ ಮುಂದಿಟ್ಟರು. 1973ರ ಕೇಶವಾನಂದ ಭಾರತಿ ತೀರ್ಪಿನಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಕಾನ್ರಾಡ್ ಅವರ ಮಾತನ್ನೇ ಉದ್ಧರಿಸಿದರು. ಸಂವಿಧಾನದ ಮೂಲ ರಚನೆಯನ್ನು ತಿದ್ದುಪಡಿಯಿಂದಲೂ ಕೆಡಿಸಲಾಗದು ಅನ್ನುವ ತತ್ವ ಹೀಗೆ ಗಟ್ಟಿಯಾಯಿತು. ಅದೇ ತತ್ವದ ಮೇಲೆ ನಿಂತು ಬೊಮ್ಮಾಯಿ ತೀರ್ಪು ಜಾತ್ಯತೀತತೆಯನ್ನು ಮೂಲ ರಚನೆಯ ಭಾಗ ಎಂದಿತು. ಬನಾರಸಿನ ಒಂದು ತರಗತಿ ಕೋಣೆಯ ಮಾತು ಹುಬ್ಬಳ್ಳಿಯ ಒಬ್ಬ ವಕೀಲರ ಹೆಸರಿನ ತೀರ್ಪಿಗೆ ಬಂದು ಸೇರಲು ಸುಮಾರು ಮೂವತ್ತು ವರ್ಷ ಹಿಡಿಯಿತು. ವೆಬ್ ಆಫ್ ಸೈನ್ಸ್, ಸ್ಕೋಪಸ್ ಎಂಬ ಅಂತರರಾಷ್ಟ್ರೀಯ ಉಲ್ಲೇಖ ದತ್ತಾಂಶ ಕೋಶಗಳು ಎಣಿಸುವುದು ಜರ್ನಲ್, ಪುಸ್ತಕ, ಸಮ್ಮೇಳನದ ಪ್ರಬಂಧಗಳನ್ನು. ನಮ್ಮ ಕೋರ್ಟಿನ ತೀರ್ಪಿನಲ್ಲಿ ಬಂದ ಉಲ್ಲೇಖ ಅಲ್ಲಿ ಸೇರುವುದೇ ಇಲ್ಲ.

ಭಾರತದಲ್ಲಿ ಎಣಿಕೆಯ ಯೋಚನೆ ಹೊಸದೇನಲ್ಲ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1948ರಲ್ಲೇ ಗ್ರಂಥಾಲಯದ ಕೆಲಸಕ್ಕೆ ಅಂಕಿಸಂಖ್ಯೆಯ ವಿದ್ಯೆ ಬೇಕು ಅಂತ ಇಂಗ್ಲೆಂಡಿನ ಒಂದು ಸಭೆಯಲ್ಲಿ ಹೇಳಿ, ಅದಕ್ಕೆ ‘ಲೈಬ್ರಮೆಟ್ರಿ’ ಅಂತ ಹೆಸರಿಟ್ಟಿದ್ದರು. ಪ್ರಕಟಣೆ, ಉಲ್ಲೇಖಗಳನ್ನು ಎಣಿಸುವ ವಿದ್ಯೆಗೆ ‘ಬಿಬ್ಲಿಯೋಮೆಟ್ರಿಕ್ಸ್’ ಅನ್ನುವ ಪದ ಬಳಕೆಗೆ ಬಂದದ್ದು ಅದಾಗಿ ಇಪ್ಪತ್ತೊಂದು ವರ್ಷಕ್ಕೆ. ಕಾನೂನಿನ ಕಡೆ ಇಂಡಿಯನ್ ಲಾ ಇನ್‌ಸ್ಟಿಟ್ಯೂಟ್ 1956ರಲ್ಲಿ ಶುರುವಾಗಿ, 1958ರಿಂದ ತನ್ನ ತ್ರೈಮಾಸಿಕ ಜರ್ನಲ್ ತರುತ್ತಿದೆ. ಅಂಥ ಹಳೆ ಜರ್ನಲ್‌ಗಳೇ ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಳ್ಳೆಯ ಸಾಮಗ್ರಿ.

ಕಾನೂನು ಸಂಶೋಧನೆಯ ವಿಷಯ ಬದಲಾಗುವ ರೀತಿಯೇ ಬೇರೆ. ಇಲ್ಲಿ ಕಾಯ್ದೆ ಮುಂದೆ, ಸಂಶೋಧನೆ ಹಿಂದೆ. 1974ರಲ್ಲಿ ನಮ್ಮ ರಾಜ್ಯದಲ್ಲಿ ಉಳುವವನೇ ಒಡೆಯ ಅನ್ನುವ ತಿದ್ದುಪಡಿ ಜಾರಿಗೆ ಬಂತು, ಗೇಣಿ ಮತ್ತು ಭೂ ನ್ಯಾಯಮಂಡಳಿ ವಿಷಯವಾದವು. 1982ರ ಕಾಯ್ದೆಯ ನಂತರ ದೇವದಾಸಿ ಪದ್ಧತಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಾದ ಮೇಲೆ ಸೈಬರ್ ಅಪರಾಧ. 2010ರಲ್ಲಿ ಮಹದಾಯಿ ನ್ಯಾಯಮಂಡಳಿ ಬಂದ ಮೇಲೆ ಈ ಭಾಗದಲ್ಲಿ ನದಿ ನೀರಿನ ಕಾನೂನು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಈಗ ನನ್ನ ಟೇಬಲ್ಲಿಗೆ ಬರುವ ಚೀಟಿಗಳಲ್ಲಿ ಅದೇ ಜಾಸ್ತಿ.

ಇದರಲ್ಲೊಂದು ಅನ್ಯಾಯ ಇದೆ. ಸವದತ್ತಿ ಕಡೆ ಮಾಜಿ ದೇವದಾಸಿಯರನ್ನು ಮಾತಾಡಿಸಿ, ತಾಲ್ಲೂಕು ಕಚೇರಿಯ ಕಡತ ನೋಡಿ ಬರೆದ ಲೇಖನಕ್ಕೆ ಓದುಗರು ಈ ರಾಜ್ಯದೊಳಗೇ ಇರುತ್ತಾರೆ. ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಬಗ್ಗೆ ಗ್ರಂಥಾಲಯದಲ್ಲೇ ಕೂತು ಬರೆದ ಲೇಖನಕ್ಕೆ ಉಲ್ಲೇಖ ಎಲ್ಲಿಂದಾದರೂ ಬರಬಹುದು. ಕನ್ನಡದಲ್ಲಿ ಬರೆದರಂತೂ ಲೆಕ್ಕಕ್ಕೇ ಇಲ್ಲ. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ಕನ್ನಡದಲ್ಲಿ ನುಡಿಯುತ್ತಾರೆ, ದಾವೆಗಳನ್ನೂ ಕನ್ನಡದಲ್ಲಿ ಬರೆಯುತ್ತಾರೆ. ಆ ಕೋರ್ಟುಗಳ ಬಗ್ಗೆ ಕನ್ನಡದಲ್ಲಿ ಬರೆದ ಸಂಶೋಧನೆಗೆ ಮಾತ್ರ ಸೊನ್ನೆ ಅಂದರೆ ನನಗೆ ಒಪ್ಪಲಿಕ್ಕೆ ಆಗುವುದಿಲ್ಲ.

ಅಂಕಿಗೆ ನಮ್ಮಲ್ಲಿ ಇಷ್ಟು ಬಲ ಬಂದದ್ದು ನೌಕರಿಯ ದಾರಿಯಿಂದ. 2010ರ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಲ್ಲಿ ಅಧ್ಯಾಪಕರ ಬಡ್ತಿಗೆ ಅಂಕದ ಪದ್ಧತಿ ಬಂತು. ಇಷ್ಟು ಲೇಖನಕ್ಕೆ ಇಷ್ಟು ಅಂಕ. ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟವಾಗಲೇಬೇಕು ಅಂತ 2009ರ ನಿಯಮದಲ್ಲೇ ಇತ್ತು, 2016ರ ನಿಯಮದಲ್ಲೂ ಅದು ಉಳಿಯಿತು. 2017ರ ಜನವರಿಯಲ್ಲಿ ಒಪ್ಪಿತ ಜರ್ನಲ್‌ಗಳ ಪಟ್ಟಿ ಬಂದಾಗ ಅದರಲ್ಲಿ 38 ಸಾವಿರಕ್ಕೂ ಹೆಚ್ಚು ಹೆಸರಿದ್ದವು. ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಆ ಪಟ್ಟಿಗೆ ವಿಶ್ವವಿದ್ಯಾಲಯಗಳು ಸೂಚಿಸಿದ್ದ 1,009 ಜರ್ನಲ್‌ಗಳನ್ನು ತೆಗೆದು ಪರಿಶೀಲಿಸಿದರು. ನೆಟ್ಟಗಿದ್ದವು 112 ಮಾತ್ರ. ಎಷ್ಟೋ ಜರ್ನಲ್‌ಗಳ ವಿಳಾಸವೇ ಸರಿ ಇರಲಿಲ್ಲ, ಎಷ್ಟೋ ಇಲ್ಲದ ಇಂಪ್ಯಾಕ್ಟ್ ಫ್ಯಾಕ್ಟರ್ ಹೇಳಿಕೊಂಡಿದ್ದವು. 2018ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಅದು ಪ್ರಕಟವಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಯುಜಿಸಿ 4,305 ಜರ್ನಲ್‌ಗಳನ್ನು ಪಟ್ಟಿಯಿಂದ ತೆಗೆಯಿತು. 2019ರಲ್ಲಿ ‘ಕೇರ್’ ಎಂಬ ಹೊಸ ಪಟ್ಟಿ ಬಂತು. 2022ರಲ್ಲಿ ಪಿಎಚ್‌ಡಿಗೆ ಲೇಖನದ ಕಡ್ಡಾಯ ಹೋಯಿತು. 2025ರ ಫೆಬ್ರುವರಿಯ ಸೂಚನೆಯಲ್ಲಿ ಕೇರ್ ಪಟ್ಟಿಯನ್ನೂ ಕೈಬಿಟ್ಟರು. ಒಳ್ಳೆ ಜರ್ನಲ್ ಯಾವುದು ಅಂತ ನೋಡುವ ಹೊಣೆ ಈಗ ಆಯಾ ವಿಶ್ವವಿದ್ಯಾಲಯದ್ದು.

ಆ ವರ್ಷಗಳಲ್ಲಿ ಒಬ್ಬ ಹುಡುಗಿ ಖುಷಿಯಿಂದ ಓಡಿ ಬಂದು ಮೊಬೈಲ್ ತೋರಿಸಿದ್ದಳು. ‘ಮೇಡಂ, ಎರಡ ದಿನದಾಗ ಅಕ್ಸೆಪ್ಟ್ ಆತ್ರೀ!’ ಮೂರು ವರ್ಷ ಗದಗ ಜಿಲ್ಲೆಯ ಹಳ್ಳಿ ಹಳ್ಳಿ ತಿರುಗಿ ಬರೆದಿದ್ದ ಲೇಖನ. ಜರ್ನಲ್ ತನ್ನ ಇಂಪ್ಯಾಕ್ಟ್ ಫ್ಯಾಕ್ಟರ್ 7ಕ್ಕೂ ಜಾಸ್ತಿ ಅಂತ ಬರೆದುಕೊಂಡಿತ್ತು. ಇಬ್ಬರೂ ಕೂತು ಹುಡುಕಿದೆವು. ಆ ಅಂಕಿ ಕೊಟ್ಟದ್ದು ಹಣ ತೆಗೆದುಕೊಂಡು ಯಾರಿಗೆ ಬೇಕಾದರೂ ಅಂಕಿ ಕೊಡುವ ಇನ್ನೊಂದು ಸಂಸ್ಥೆ. ಅವಳು ಫೀ ಕಟ್ಟಿ ಆಗಿತ್ತು. ಆ ಲೇಖನವನ್ನು ವಿಷಯ ಬಲ್ಲವರು ಯಾರೂ ಓದಿಯೇ ಇರಲಿಲ್ಲ, ಒಂದು ತಪ್ಪು ಸೆಕ್ಷನ್ ನಂಬರ್ ಕೂಡ ಹಾಗೇ ಅಚ್ಚಾಗಿತ್ತು. ಅವಳ ಮುಖ ನನಗೆ ಇನ್ನೂ ಕಣ್ಣ ಮುಂದಿದೆ.

ಎಣಿಕೆಯೇ ಬೇಡ ಅಂತ ನಾನು ಹೇಳುವವಳಲ್ಲ. ಯಾವ ವಿಷಯಕ್ಕೆ ಯಾರು ಬರೆಯುತ್ತಿದ್ದಾರೆ, ಯಾವುದು ಖಾಲಿ ಉಳಿದಿದೆ ಅಂತ ತಿಳಿಯಲು ಅದು ಬೇಕೇ ಬೇಕು. ಜರ್ನಲ್‌ನ ಸರಾಸರಿಯಿಂದ ಒಬ್ಬ ಸಂಶೋಧಕನನ್ನು ಅಳೆಯಬೇಡಿ ಅಂತ ವಿಜ್ಞಾನಿಗಳೇ 2012ರ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆಯಲ್ಲಿ ಹೇಳಿದ್ದಾರೆ. ನಮ್ಮಲ್ಲಿ ‘ಇಂಡಿಯನ್ ಕಾನೂನ್’ ಜಾಲತಾಣ ಒಂದು ತೀರ್ಪನ್ನು ಮುಂದೆ ಯಾವ ಯಾವ ತೀರ್ಪುಗಳು ಹೆಸರಿಸಿವೆ ಅಂತ ಪುಕ್ಕಟೆಯಾಗಿ ತೋರಿಸುತ್ತದೆ. ಶೆಪರ್ಡ್‌ನ ಚೀಟಿಯ ಮೊಮ್ಮಗು ಅದು. ಜರ್ನಲ್ ಲೇಖನಗಳಿಗೂ ಅಂಥದ್ದೊಂದು ಬೇಕು: ಈ ಲೇಖನ ಯಾವ ತೀರ್ಪಿನಲ್ಲಿ ಬಂತು, ಯಾವ ಸಮಿತಿಯ ವರದಿಯಲ್ಲಿ ಬಂತು, ಯಾವ ವಾದದಲ್ಲಿ ಬಳಕೆಯಾಯಿತು ಅಂತ.

ಸಣ್ಣದಾಗಿ ನಮ್ಮ ಕಪಾಟಿನಲ್ಲೇ ಶುರು ಮಾಡಿದ್ದೇನೆ. ಪರಿಚಯದ ವಕೀಲರು ಯಾವುದಾದರೂ ಲೇಖನ ಝೆರಾಕ್ಸ್ ಮಾಡಿಸಿಕೊಂಡು ಹೋದರೆ, ಅದನ್ನು ವಾದದಲ್ಲಿ ಬಳಸಿದಿರಾ ಅಂತ ಆಮೇಲೆ ಕೇಳುತ್ತೇನೆ. ಹೌದು ಅಂದರೆ ಜರ್ನಲ್‌ನ ಬೈಂಡ್ ಮಾಡಿದ ಸಂಪುಟ ತೆಗೆದು, ಆ ಲೇಖನದ ಮೊದಲ ಪುಟದ ಅಂಚಿಗೆ ಒಂದು ಚೀಟಿ ಅಂಟಿಸುತ್ತೇನೆ. ಪ್ರಕರಣದ ನಂಬರ್, ವರ್ಷ, ಯಾವ ಅಂಶಕ್ಕೆ ಬಳಸಿದರು ಅನ್ನುವ ಒಂದು ಸಾಲು. ಮೊನ್ನೆ ಅಂಟಿಸಿದ ಚೀಟಿ ಗೇಣಿ ಹಕ್ಕಿನ ಬಗ್ಗೆ ಬರೆದ ಹಳೆಯ ಲೇಖನವೊಂದಕ್ಕೆ. ಸ್ಕೋಪಸ್‌ನಲ್ಲಿ ಹುಡುಕಿದರೆ ಅದರ ಹೆಸರೇ ಸಿಗುವುದಿಲ್ಲ.