ಕೂದಲಿಗೆ ಉಪ್ಪುನೀರು: ಮಾರ್ಚಿನಲ್ಲಿ ಸರಿ, ಆಷಾಢದಲ್ಲಿ ಯಾಕಲ್ಲ?

ಮೈಸೂರಿನ ಸಲೂನುಗಳಲ್ಲಿ ಈಗ ಸೀ ಸಾಲ್ಟ್ ಸ್ಪ್ರೇ, ಅಂದರೆ ಕೂದಲಿಗೆ ಸಿಂಪಡಿಸುವ ಉಪ್ಪುನೀರು, ಹೊಸ ಮಾತೇನಲ್ಲ. ಬೇಸಿಗೆಯಲ್ಲಿ ಇದನ್ನು ಹಾಕಿದ ಕೂದಲು ದಟ್ಟವಾಗಿ, ಅಲೆಅಲೆಯಾಗಿ ನಿಲ್ಲುತ್ತದೆ. ಜೂನ್ ದಾಟಿದ ಮೇಲೆ ಅದೇ ಬಾಟಲಿ, ಅದೇ ಕೈ, ಆದರೆ ಕೂದಲು ಅಂಟಂಟಾಗಿ ಜೋತುಬೀಳುತ್ತದೆ. ಆಗ ಜನ ಬ್ರ್ಯಾಂಡ್ ಬದಲಾಯಿಸುತ್ತಾರೆ, ಬೋರ್‌ವೆಲ್ ನೀರನ್ನು ಬೈಯುತ್ತಾರೆ. ಅಡುಗೆಮನೆಯ ಕಲ್ಲುಪ್ಪಿನ ಭರಣಿಯೂ ಅದೇ ತಿಂಗಳಲ್ಲಿ ನೀರೊಡೆಯುತ್ತದೆ ಎನ್ನುವುದನ್ನು ಗಮನಿಸುವವರು ಕಡಿಮೆ. ಎರಡಕ್ಕೂ ಕಾರಣ ಒಂದೇ.

ಗಾಳಿಯ ಸಾಪೇಕ್ಷ ಆರ್ದ್ರತೆ (ಗಾಳಿ ಹಿಡಿಯಬಲ್ಲ ತೇವದಲ್ಲಿ ಎಷ್ಟು ಪಾಲು ಈಗ ಇದೆ ಎನ್ನುವ ಲೆಕ್ಕ) ಸುಮಾರು ಶೇ. 75 ದಾಟಿತೆಂದರೆ ಸೋಡಿಯಂ ಕ್ಲೋರೈಡಿನ, ಅಂದರೆ ಅಡುಗೆ ಉಪ್ಪಿನ ಹರಳು ಗಾಳಿಯಿಂದಲೇ ನೀರು ಹೀರಿಕೊಂಡು ಕರಗಿಹೋಗುತ್ತದೆ. ಅದಕ್ಕಿಂತ ಕೆಳಗಿದ್ದರೆ ಹರಳಾಗಿಯೇ ಉಳಿಯುತ್ತದೆ. ಈ ಗಡಿ ಎಷ್ಟು ನಂಬಿಕಸ್ಥವೆಂದರೆ ತೇವಾಂಶ ಮಾಪಕ ಸರಿಯಿದೆಯೇ ಎಂದು ನೋಡಲು ಇದನ್ನೇ ಬಳಸುತ್ತಾರೆ. ಒಂದು ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಮುದ್ದೆಯಾಗುವಷ್ಟೇ ನೀರು ಬೆರೆಸಿ, ಮಾಪಕದ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎಂಟು ಗಂಟೆ ಮುಚ್ಚಿಡಿ. ಮಾಪಕ 75ರ ಆಸುಪಾಸಿನಲ್ಲಿ ನಿಲ್ಲಬೇಕು. ಶುದ್ಧೀಕರಿಸದ ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದು ಶೇ. 33ರಲ್ಲೇ ನೀರೊಡೆಯುವ ವಸ್ತು, ಆದ್ದರಿಂದಲೇ ಕಲ್ಲುಪ್ಪು ಪ್ಯಾಕೆಟ್ ಉಪ್ಪಿಗಿಂತ ಮೊದಲು ಒದ್ದೆಯಾಗುತ್ತದೆ.

ಈಗ ಕೂದಲಿಗೆ ಬನ್ನಿ. ಕೂದಲಿನ ಮೇಲ್ಮೈಯಲ್ಲಿ ತುದಿಯ ಕಡೆಗೆ ಮುಖ ಮಾಡಿದ ಸಣ್ಣ ಸಣ್ಣ ಹೆಂಚುಗಳಿವೆ. ಮಂಡ್ಯದ ಕಡೆಯವರಿಗೆ ಕಬ್ಬಿನ ಗರಿ ಗೊತ್ತು: ಬುಡದಿಂದ ತುದಿಗೆ ಅಂಚನ್ನು ಸವರಿದರೆ ಏನೂ ಆಗುವುದಿಲ್ಲ, ತುದಿಯಿಂದ ಬುಡಕ್ಕೆ ಸವರಿದರೆ ಬೆರಳು ಕೊಯ್ಯುತ್ತದೆ. ಕೂದಲೂ ಹಾಗೆಯೇ, ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಒರಟು. ಸ್ಪ್ರೇಯ ನೀರು ಆರಿದಾಗ ಈ ಹೆಂಚುಗಳ ಮೇಲೆ ಉಪ್ಪಿನ ಹರಳು ಕೂತು ಘರ್ಷಣೆ ಹೆಚ್ಚುತ್ತದೆ. ಎಳೆಗಳು ಒಂದರ ಮೇಲೊಂದು ಜಾರುವುದಿಲ್ಲ, ಎತ್ತಿಟ್ಟ ಕಡೆ ನಿಲ್ಲುತ್ತವೆ. ದಟ್ಟವಾಗಿ ಕಾಣುವುದಕ್ಕೆ ಇಷ್ಟೇ ಕಾರಣ. ಆಷಾಢದ ಗಾಳಿಯಲ್ಲಿ ಹರಳು ಕರಗಿ ಗಟ್ಟಿ ಉಪ್ಪುನೀರಿನ ಪೊರೆಯಾಗುತ್ತದೆ. ಆ ಪೊರೆ ಎಳೆಗಳನ್ನು ಒಂದಕ್ಕೊಂದು ಸೆಳೆದು ಜಡೆಗಟ್ಟಿಸುತ್ತದೆ.

ಕೂದಲಿಗೂ ತೇವಾಂಶಕ್ಕೂ ಇರುವ ನಂಟು ಹಳೆಯದು. ಜಿನೀವಾದ ವಿಜ್ಞಾನಿ ಹೊರಾಸ್ ಬೆನಡಿಕ್ಟ್ ದ ಸೊಸ್ಯೂರ್ ಎಣ್ಣೆ ಜಿಡ್ಡು ತೆಗೆದ ಮನುಷ್ಯರ ಕೂದಲನ್ನೇ ಕಟ್ಟಿ ಗಾಳಿಯ ತೇವ ಅಳೆಯುವ ಯಂತ್ರ ಮಾಡಿ, 1783ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದ. ಪೂರ್ತಿ ಒಣ ಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಬಂದರೆ ಕೂದಲು ಶೇ. 2ರಷ್ಟು ಉದ್ದವಾಗುತ್ತದೆ. ನೀರು ಒಳಹೊಕ್ಕು ಕೆರಾಟಿನ್ ಎಂಬ ಕೂದಲಿನ ಪ್ರೋಟೀನಿನ ಸರಪಳಿಗಳ ನಡುವಿನ ಹೈಡ್ರೋಜನ್ ಬಂಧಗಳೆಂಬ ಸಡಿಲ ಕೊಂಡಿಗಳನ್ನು ಬಿಡಿಸುತ್ತದೆ. ಆರುವಾಗ ಕೂದಲು ಯಾವ ಆಕಾರದಲ್ಲಿದೆಯೋ ಅದೇ ಆಕಾರದಲ್ಲಿ ಬಂಧಗಳು ಮತ್ತೆ ಕೂಡುತ್ತವೆ. ಅಲೆ ಬರಿಸುವುದು ಈ ಆರುವ ಹೊತ್ತು. ಉಪ್ಪಿನ ಕೆಲಸ ಬಂದ ಅಲೆಯನ್ನು ಹಿಡಿದಿಡುವುದು.

ಈ ಬಾಟಲಿಯ ಸುತ್ತ ಕೆಲವು ತಪ್ಪು ನಂಬಿಕೆಗಳೂ ಓಡಾಡುತ್ತವೆ. ಉಪ್ಪುನೀರಿಗೆ ಕೂದಲು ನರೆಯುತ್ತದೆ ಎನ್ನುವುದು ಸುಳ್ಳು: ಬಣ್ಣ ತುಂಬುವ ಜೀವಕೋಶಗಳಿರುವುದು ಚರ್ಮದೊಳಗಿನ ಬುಡದಲ್ಲಿ, ಹೊರಗಿನ ಎಳೆ ನಿರ್ಜೀವ. ಗುಲಾಬಿ ಉಪ್ಪಿನ ಖನಿಜಗಳು ಕೂದಲಿಗೆ ಪೋಷಣೆ ಕೊಡುತ್ತವೆ ಎನ್ನುವುದೂ ಇದೇ ಕಾರಣಕ್ಕೆ ಸುಳ್ಳು, ನಿರ್ಜೀವ ಎಳೆಗೆ ಪೋಷಣೆ ಎಲ್ಲಿಂದ? ಆ ಗುಲಾಬಿ ಬಣ್ಣ ಕಬ್ಬಿಣದ ಆಕ್ಸೈಡಿನದು. ಉಪ್ಪು ಕೂದಲಿನ ನೀರನ್ನೆಲ್ಲ ಹೀರಿಬಿಡುತ್ತದೆ ಎನ್ನುವ ಹೆದರಿಕೆಯೂ ಅಷ್ಟು ಸರಿಯಲ್ಲ. ಆರಿದ ಮೇಲೆ ಎಳೆಯೊಳಗೆ ಎಷ್ಟು ನೀರಿರಬೇಕೆಂದು ತೀರ್ಮಾನಿಸುವುದು ಸುತ್ತಲಿನ ಗಾಳಿ. ಕೈಗೆ ಒಣಒಣ ಅನ್ನಿಸುವುದು ಹರಳಿನ ಒರಟುತನ. ನಿಜವಾದ ಹಾನಿ ಬಾಚಣಿಗೆಯಿಂದ: ಉಪ್ಪು ಕೂತ ಕೂದಲನ್ನು ಬಾಚಿದರೆ ಹೆಂಚುಗಳು ಏಳುತ್ತವೆ, ಮುರಿಯುತ್ತವೆ. ಬ್ಲೀಚ್ ಮಾಡಿದ ಕೂದಲಿನಲ್ಲಿ ಮೇಲ್ಮೈಯ ಸಹಜ ಜಿಡ್ಡಿನ ಪದರ ಮೊದಲೇ ಹೋಗಿರುವುದರಿಂದ ಅಂಥವರು ಇನ್ನೂ ಜಾಗ್ರತೆ ವಹಿಸಬೇಕು.

ಮನೆಯಲ್ಲೇ ಮಾಡುವುದಾದರೆ 200 ಮಿ.ಲೀ. ಬಿಸಿನೀರಿಗೆ 6 ಗ್ರಾಂ ಪುಡಿ ಉಪ್ಪು ಸಾಕು, ಅಂದರೆ ಮಟ್ಟ ಮಾಡಿದ ಒಂದು ಟೀ ಚಮಚ. ಇದು ಶೇ. 3ರ ದ್ರಾವಣ, ಸಮುದ್ರದ ನೀರು ಶೇ. 3.5. ಉಪ್ಪು ಪೂರ್ತಿ ಕರಗಿ ನೀರು ತಣ್ಣಗಾದ ಮೇಲೆ ಅರ್ಧ ಚಮಚ ಕಂಡೀಷನರ್ ಸೇರಿಸಿ. ಮಂಡ್ಯದ ಗಡಸು ಬೋರ್‌ವೆಲ್ ನೀರು ಬೇಡ, ಅದರ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ಕೂರುತ್ತದೆ. ಆರ್‌ಒ ಫಿಲ್ಟರಿನ ನೀರು ಬಳಸಿ. ಕೊಬ್ಬರಿ ಎಣ್ಣೆ ಹಾಕಿದರೆ ಅದು ಮೇಲೆ ತೇಲುತ್ತದೆ, ಡಿಸೆಂಬರಿನ ಬೆಳಗಿನಲ್ಲಿ ಹೆಪ್ಪುಗಟ್ಟಿ ಪಂಪಿನ ಬಾಯಿ ಕಟ್ಟುತ್ತದೆ. ಉಪ್ಪಿದೆ, ಕೆಡುವುದಿಲ್ಲ ಎಂದುಕೊಳ್ಳಬೇಡಿ. ಉಪ್ಪಿನಕಾಯಿಯನ್ನು ಕಾಪಾಡುವ ಉಪ್ಪು ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ.

ಹಾಕುವಾಗ ಕೂದಲಲ್ಲಿ ಎಣ್ಣೆ ಇರಬಾರದು, ಇದ್ದರೆ ಹನಿ ಜಾರಿಹೋಗುತ್ತದೆ. ತಲೆಸ್ನಾನದ ಮೇಲೆ ಟವೆಲಿನಿಂದ ಒತ್ತಿ, ನೀರು ತೊಟ್ಟಿಕ್ಕುವುದು ನಿಂತಾಗ ಒಂದು ಗೇಣು ದೂರದಿಂದ ಆರೆಂಟು ಬಾರಿ ಸಿಂಪಡಿಸಿ, ಅದೂ ನಡುವಿನಿಂದ ತುದಿಗೆ ಮಾತ್ರ. ನೆತ್ತಿಗೆ ಬಿದ್ದರೆ ತುರಿಕೆ. ಕೈಯಲ್ಲಿ ತುದಿಗಳನ್ನು ಹಿಡಿದು ಮೇಲಕ್ಕೆ ಹಿಸುಕಿ, ಪೂರ್ತಿ ಆರುವವರೆಗೆ ಮುಟ್ಟಬೇಡಿ.

ಮಳೆಗಾಲಕ್ಕೆ ಎಪ್ಸಮ್ ಸಾಲ್ಟ್, ಅಂದರೆ ಮೆಗ್ನೀಸಿಯಂ ಸಲ್ಫೇಟ್ ಮೇಲು. ಅದು ನೀರೊಡೆಯುವ ಗಡಿ ಅಡುಗೆ ಉಪ್ಪಿಗಿಂತ ಮೇಲೆ, ಶೇ. 90ರ ಹತ್ತಿರ. ಅಳತೆ ಅದೇ 6 ಗ್ರಾಂ. ಗೊಬ್ಬರದ ಅಂಗಡಿಯಲ್ಲಿ ಬೆಳೆಗೆ ಸಿಂಪಡಿಸಲೆಂದು ಮಾರುವುದೂ ಇದೇ ರಾಸಾಯನಿಕ, ಆದರೆ ಅದರ ಶುದ್ಧತೆ ಮೈಗೆ ಹಚ್ಚಲು ತಕ್ಕದ್ದಲ್ಲ; ಮೆಡಿಕಲ್ ಶಾಪಿನಲ್ಲಿ ಸಿಗುವುದನ್ನೇ ತನ್ನಿ. ಜಡಿಮಳೆ ಹಿಡಿದು ಮಾಪಕ 90 ತೋರಿಸುವ ದಿನ ಯಾವ ಉಪ್ಪೂ ನಿಲ್ಲುವುದಿಲ್ಲ, ಬಾಟಲಿ ಮುಟ್ಟದೆ ಕೂದಲು ಕಟ್ಟಿಕೊಳ್ಳಿ.